ಚಿತ್ರಮಂದಿರದಲ್ಲಿ ರಾಷ್ಟ್ರಗೀತೆ ಕಡ್ಡಾಯವೇ? ಅದರ ಮೂಲವೇನು?

ದಾವಣಗೆರೆಯ ಚಿತ್ರಮಂದಿರಗಳಲ್ಲಿ ಸಿನಿಮಾಕ್ಕೆ ಮುನ್ನ ರಾಷ್ಟ್ರಗೀತೆ ಹಾಕಲೇಬೇಕೇ ಎಂದು ಕೇಳಿದ್ದೀರಿ. ಹಾಕಲೇಬೇಕೆಂದಿಲ್ಲ. 2016ರ ನವೆಂಬರ್‌ನಲ್ಲಿ ಅದನ್ನು ಕಡ್ಡಾಯಗೊಳಿಸಿದ್ದ ಸುಪ್ರೀಂ ಕೋರ್ಟ್, 2018ರ ಜನವರಿಯಲ್ಲಿ ತನ್ನ ಆದೇಶವನ್ನು ಮಾರ್ಪಡಿಸಿ ಆ ನಿರ್ಧಾರವನ್ನು ಚಿತ್ರಮಂದಿರಗಳಿಗೇ ಬಿಟ್ಟಿತು. ಆದರೆ ಹಾಕಿದಾಗ ಪ್ರೇಕ್ಷಕರು ಎದ್ದು ನಿಂತು ಗೌರವ ಸಲ್ಲಿಸಬೇಕು, ಅಂಗವಿಕಲರಿಗೆ ವಿನಾಯಿತಿಯಿದೆ.

ರವೀಂದ್ರನಾಥ ಠಾಗೂರರು ಸಂಸ್ಕೃತಭೂಯಿಷ್ಠ ಬಂಗಾಳಿಯಲ್ಲಿ ರಚಿಸಿದ ಐದು ಚರಣಗಳ ಈ ಗೀತೆಯನ್ನು ಮೊದಲು ಹಾಡಿದ್ದು 1911ರ ಡಿಸೆಂಬರ್ 27ರಂದು, ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ. ಅದೇ ತಿಂಗಳು ಐದನೇ ಜಾರ್ಜ್ ದೊರೆ ಭಾರತಕ್ಕೆ ಬಂದಿದ್ದರಿಂದ ಇದು ಆತನ ಸ್ತುತಿಯೆಂಬ ಮಾತು ಹಬ್ಬಿತು, ಇಂದಿಗೂ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ದಯವಿಟ್ಟು ಅದನ್ನು ನಂಬಬೇಡಿ: ‘ಭಾರತ ಭಾಗ್ಯವಿಧಾತ’ ಯಾವ ಅರಸನೂ ಅಲ್ಲವೆಂದು ಕವಿಯೇ 1937ರ ಪತ್ರವೊಂದರಲ್ಲಿ ಸ್ಪಷ್ಟಪಡಿಸಿದ್ದಾರೆ. ಸಂವಿಧಾನ ಸಭೆಯ 1950ರ ಜನವರಿ 24ರ ಕಲಾಪದಲ್ಲಿ ಇದು ರಾಷ್ಟ್ರಗೀತೆಯೆಂದು ಘೋಷಿತವಾಯಿತು. ಬಳಕೆಯಲ್ಲಿರುವುದು ಮೊದಲ ಚರಣ ಮಾತ್ರ.

ನಮ್ಮಲ್ಲಿ ಸರ್ಕಾರಿ ಸಮಾರಂಭಗಳು ಕುವೆಂಪು ಅವರ ನಾಡಗೀತೆಯಿಂದ ಆರಂಭವಾಗಿ ರಾಷ್ಟ್ರಗೀತೆಯೊಂದಿಗೆ ಮುಗಿಯುವುದು ರೂಢಿ. ರಾಷ್ಟ್ರಗೀತೆಯ ಪೂರ್ಣಪಾಠಕ್ಕೆ, ಅಂದರೆ ಬಳಕೆಯಲ್ಲಿರುವ ಆ ಮೊದಲ ಚರಣಕ್ಕೆ, ಸುಮಾರು 52 ಸೆಕೆಂಡು ಬೇಕು. ಕೊನೆಯಲ್ಲಿ ಮನೆಗೆ ಹೊರಡುವ ಆತುರದಿಂದ ಅದನ್ನು ಓಡಿಸುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.