ಎಲ್ಲರೂ ಹೊಗಳುವ ಸಿನಿಮಾ ನನಗೆ ಹಿಡಿಸಲಿಲ್ಲ ಅಂತ ನೇರವಾಗಿ ಹೇಳಬೇಕಾ, ಸುಮ್ನೆ ಇರಬೇಕಾ?

ಈಚೆಗೆ ನೋಡಿದ ‘ಸು ಫ್ರಮ್ ಸೋ’, ‘ಕಾಂತಾರ: ಅಧ್ಯಾಯ 1’ ಎರಡೂ ನಿಮಗೆ ಹಿಡಿಸಲಿಲ್ಲ, ಆಫೀಸಿನವರ ಎದುರು ಪ್ರಾಮಾಣಿಕವಾಗಿ ಹೇಳಿದರೆ ಬೇಜಾರಾಗ್ತಾರೆ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೇ ನನಗೆ 2023ರ ಸೆಪ್ಟೆಂಬರ್ ನೆನಪಾಯಿತು. ನನ್ನದು ನಿಮ್ಮದಕ್ಕೆ ಉಲ್ಟಾ. ಮನಸ್ಸಿಗೆ ತುಂಬಾ ಹಿಡಿಸಿದ ಸಿನಿಮಾವನ್ನು ನಾನು ಚೆನ್ನಾಗಿಲ್ಲ ಅಂದೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ವರ್ಷಕ್ಕೆ ನಾಲ್ಕೋ ಐದೋ ಸಿನಿಮಾ ನೋಡುವವನು ನಾನು. ಆ ಸಲ ಯಾವುದೋ ಕೆಲಸಕ್ಕೆ ನಾಲ್ಕು ಜನ ಗೆಳೆಯರು ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಹೋಗಿದ್ದೆವು. ಕೆಲಸ ಬೇಗ ಮುಗಿಯಿತು. ‘ಸಪ್ತ ಸಾಗರದಾಚೆ ಎಲ್ಲೋ’ ಸೈಡ್ ಎ, ಅಂದರೆ ಮೊದಲ ಭಾಗ, ಬಂದು ಒಂದು ವಾರ ಆಗಿತ್ತು, ಹೊಕ್ಕೆವು. ಮನು ಅಂತ ಒಬ್ಬ ಡ್ರೈವರ್. ಮಾಲೀಕನ ಮನೆಯವರು ಮಾಡಿದ ಅಪಘಾತವನ್ನು ದುಡ್ಡಿನ ಆಸೆಗೆ ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಸಮುದ್ರದ ಹತ್ತಿರ ಒಂದು ಮನೆ ಮಾಡಬೇಕು ಅನ್ನುವುದು ಅವನದು ಮತ್ತು ಪ್ರಿಯಾಳದು ಕನಸು. ಅವಳು ಜೈಲಿಗೆ ಬಂದು ಅವನನ್ನು ನೋಡುವ ದೃಶ್ಯಗಳಲ್ಲಿ ನನಗೆ ಕಣ್ಣೀರು ತಡೆಯಲಿಕ್ಕಾಗಲಿಲ್ಲ. ಕತ್ತಲಲ್ಲಿ ಒರೆಸಿಕೊಂಡೆ.

ತಪ್ಪು ಆದದ್ದು ವಾಪಸ್ ಬರುವಾಗ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಮುಂಡಗೋಡದಲ್ಲಿ ಚಾ ಕುಡಿಯಲು ನಿಲ್ಲಿಸಿದ್ದೆವು. ಗಾಡಿ ಹೊಡೆಯುತ್ತಿದ್ದವನು, “ಏನ್ರೋ ಇದು, ಬರೀ ಎಳೆದಿದ್ದಾರೆ, ತಲೆನೋವು ಬಂತು” ಅಂದ. ಇನ್ನಿಬ್ಬರು ಹೌದು ಹೌದು ಅಂದರು. ಮೂವರೂ ನನ್ನ ಮುಖ ನೋಡಿದರು. ಆಗ ನಾನು ಸುಮ್ನೆ ಇದ್ದಿದ್ದರೂ ಆಗುತ್ತಿತ್ತು. ಇರಲಿಲ್ಲ. “ಹೌದಪ್ಪಾ, ದುಡ್ಡು ದಂಡ” ಅಂದೆ. ಅಷ್ಟಕ್ಕೇ ನಿಂತಿದ್ದರೆ ಮಾತಿಗೆ ಒಂದು ಮಾತು ಅಂತ ಬಿಡಬಹುದಿತ್ತು. ಆದರೆ ನಾನು ಅವರಿಗಿಂತ ಜಾಸ್ತಿ ಬೈದೆ. ಕಥೆ ಮುಂದೆ ಹೋಗುವುದಿಲ್ಲ, ಹೀರೋಗೆ ಬುದ್ಧಿ ಇಲ್ಲ, ಹೀಗೇ ಒಂದೊಂದೇ ಸೇರಿಸಿದೆ. ಅವರು ನಕ್ಕರು, ನನಗೆ ಹುರುಪು ಬಂತು. ಶಿರಸಿ ಮುಟ್ಟುವಷ್ಟರಲ್ಲಿ ನಾನು ಹೇಳಿದ್ದನ್ನು ನಾನೇ ನಂಬಿದ್ದೆ. ಕೆಲವೇ ತಾಸಿನ ಹಿಂದೆ ಅತ್ತವನು ನಾನೇ ಅನ್ನುವುದು ಮರೆತೇ ಹೋಗಿತ್ತು.

ಮರುದಿನ ಬೆಳಿಗ್ಗೆ ಆಯಿ, ಅಂದರೆ ನನ್ನ ಅಮ್ಮ, ದೋಸೆ ಎರೆಯುತ್ತಿದ್ದಳು. “ತಮಾ, ಆ ಸಿನಿಮಾದಲ್ಲಿ ಸಮುದ್ರ ಇದ್ದಡ, ಹೌದಾ?” ಅಂತ ಕೇಳಿದಳು.

ಅವಳ ತವರು ಕುಮಟಾ ಕಡೆ, ಕಡಲಿನ ಪಕ್ಕ. ಮದುವೆಯಾಗಿ ಘಟ್ಟ ಹತ್ತಿದ ಮೇಲೆ ಸಮುದ್ರ ನೋಡುವುದು ಅಪರೂಪ. ಆ ಸಿನಿಮಾದ ಹೆಸರು ಗೋಪಾಲಕೃಷ್ಣ ಅಡಿಗರ ಕವಿತೆಯಿಂದ ಬಂದದ್ದು ಅಲ್ವಾ, ಅದು ಅವಳಿಗೆ ರೇಡಿಯೋದಲ್ಲಿ ಭಾವಗೀತೆ ಕೇಳಿ ಕೇಳಿ ಗೊತ್ತಿತ್ತು. ಟಾಕೀಸಿಗೆ ಹೋಗದೆ ಆರೇಳು ವರ್ಷ ಆಗಿತ್ತು. ಬಾಯಿಬಿಟ್ಟು ಕರೆದುಕೊಂಡು ಹೋಗು ಅನ್ನುವ ಸ್ವಭಾವ ಅವಳದಲ್ಲ. ಆ ಪ್ರಶ್ನೆಯೇ ಅವಳು ಕೇಳುವ ರೀತಿ. ನನಗೆ ಅದು ಗೊತ್ತಾಗಬೇಕಿತ್ತು.

“ಚೊಲೊ ಇಲ್ಲೆ ಆಯಿ. ಮೊಬೈಲಿಗೆ ಬಂದಾಗ ನೋಡಿದ್ರೆ ಸಾಕು” ಅಂದುಬಿಟ್ಟೆ.

“ಹಾಂಗಾರೆ ಬೇಡ ಬಿಡು” ಅಂದಳು. ಮುಂದಿನ ವಾರ ಶಿರಸಿಯ ಟಾಕೀಸಿನಲ್ಲಿ ಬೇರೆ ಸಿನಿಮಾ ಹಾಕಿದ್ದರು.

ಚೌತಿ ಹಬ್ಬ ಮುಗಿದು ಸ್ವಲ್ಪ ದಿನಕ್ಕೆ ಅದು ಮೊಬೈಲಿಗೆ ಬಂತು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಕವಳದ ಬಟ್ಟಲಿಗೆ ಮೊಬೈಲು ಒರಗಿಸಿಟ್ಟು ಆಯಿ ಮೂರು ದಿನ ಸ್ವಲ್ಪ ಸ್ವಲ್ಪವೇ ನೋಡಿದಳು. ಮಳೆ ಬಂದರೆ ಧ್ವನಿ ಕೇಳುತ್ತಿರಲಿಲ್ಲ, ಆಗ ನಿಲ್ಲಿಸಿ ಕೂತಿರುತ್ತಿದ್ದಳು. ಎಷ್ಟೋ ವರ್ಷದಿಂದ ಕಡಲು ಕಾಣದವಳು ಕಡಲನ್ನು ಅಂಗೈ ಅಗಲದಲ್ಲಿ ನೋಡಿದಳು. ಮೂರನೇ ದಿನ ಸಂಜೆ ನನ್ನನ್ನು ಕರೆದು, “ನಿಂಗೆ ಇದು ಖರೆ ಚೊಲೊ ಕಂಡಿದ್ದಿಲ್ಯಾ?” ಅಂದಳು. ಚೊಲೊ ಕಂಡಿತ್ತು ಅಂದೆ. “ಮತ್ತೆ ಎಂತಕ್ಕೆ ಹಾಂಗೆ ಹೇಳ್ದೆ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳು ಬೈಯಲಿಲ್ಲ. ಆದರೆ ಅಲ್ಲಿಂದ ಮುಂದೆ ಯಾವ ಸಿನಿಮಾ ಹೇಗಿದೆ ಅಂತ ನನ್ನನ್ನು ಕೇಳುವುದನ್ನು ಬಿಟ್ಟಳು. ನನ್ನ ಹೆಂಡತಿಯನ್ನು ಕೇಳುತ್ತಾಳೆ, ಪಕ್ಕದ ಮನೆಯ ಹುಡುಗನನ್ನು ಕೇಳುತ್ತಾಳೆ. ನವೆಂಬರ್ 17ಕ್ಕೆ ಸೈಡ್ ಬಿ ಬಂದಾಗ ನಾನಾಗಿಯೇ ಕರೆದೆ. “ಕೊನೆ ಕೊಯ್ಲು ಶುರುವಾಜು” ಅಂದಳು. ಅಡಿಕೆ ಕೊಯ್ಲು ಇನ್ನೂ ಶುರುವಾಗಿರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಿಡಿಸಲಿಲ್ಲ ಅನ್ನುವುದೇ ಪ್ರಾಮಾಣಿಕತೆ ಅಂತ ಯಾಕೆ ಅಂದುಕೊಂಡಿದ್ದೀರಿ? ಬೈಯುವುದು ಸುಲಭ. ಬೈದವನು ಬುದ್ಧಿವಂತ ಅಂತ ಕಾಣುತ್ತಾನೆ. ಮೂರು ಜನ ಚೆನ್ನಾಗಿಲ್ಲ ಅಂದಾಗ ನನಗೆ ಅಳು ಬಂತು ಅಂತ ಹೇಳುವುದು ಕಷ್ಟ. ನನ್ನಿಂದ ಆಗಲಿಲ್ಲ. ನೀವು ಆ ಎರಡು ಸಿನಿಮಾದಲ್ಲಿ ಎಲ್ಲಾದರೂ ಒಂದು ಕಡೆ ನೆಟ್ಟಗೆ ಕೂತು ನೋಡಿದ್ದೀರಾ? ಇದ್ದರೆ ಮೊದಲು ಅದನ್ನು ಹೇಳಿ, ಆಮೇಲೆ ಉಳಿದದ್ದು. ಇಲ್ಲದಿದ್ದರೆ ಇಲ್ಲ ಅಂತಲೇ ಹೇಳಿ, ಬೇಜಾರಾದರೆ ಆಗಲಿ.

ಇಷ್ಟು ಸ್ಟಾರ್, ಅಷ್ಟು ಸ್ಟಾರ್ ಅನ್ನುವುದು ಮಾತ್ರ ಬೇಡ. ನಮ್ಮ ಕಡೆ ಯಕ್ಷಗಾನ ಮುಗಿಸಿ ಬೆಳಗಿನ ಜಾವ ನಡೆದು ಬರುವವರ ಮಾತು ಕೇಳಬೇಕು ನೀವು. ಭಾಗವತರ ಪದ್ಯ ಏರಿತು, ಮದ್ದಳೆ ಇನ್ನೂ ಸ್ವಲ್ಪ ಬೇಕಿತ್ತು, ಎರಡನೇ ವೇಷದ ಕುಣಿತ ಚೆನ್ನಾಗಿತ್ತು, ಮಾತು ಜಾಸ್ತಿಯಾಯಿತು. ಇಡೀ ರಾತ್ರಿಯ ಆಟವನ್ನು ಒಂದೇ ಮಾತಿನಲ್ಲಿ ಯಾರೂ ಮುಗಿಸುವುದಿಲ್ಲ. ಸಿನಿಮಾಕ್ಕೂ ಹಾಗೇ ಮಾತಾಡಬಹುದಲ್ಲ.

ಕಾಂತಾರದ ಬಗ್ಗೆ ನನ್ನದು ಹೇಳುತ್ತೇನೆ. ಅಧ್ಯಾಯ 1 ಕದಂಬರ ಕಾಲದ ಕಥೆ ಅಂದಾಗ ನಮಗೆ ಆಸೆ ಜಾಸ್ತಿಯೇ ಇತ್ತು, ಕದಂಬರ ರಾಜಧಾನಿ ಬನವಾಸಿ ಇರುವುದು ನಮ್ಮ ಶಿರಸಿ ತಾಲ್ಲೂಕಿನಲ್ಲೇ. ಕಾಡು, ಹೊಡೆದಾಟ ದೊಡ್ಡ ಪರದೆಯಲ್ಲಿ ಚೆನ್ನಾಗಿದ್ದವು. ‘ಸಪ್ತ ಸಾಗರ’ದಲ್ಲಿ ಪ್ರಿಯಾ ಆಗಿದ್ದ ರುಕ್ಮಿಣಿ ವಸಂತ್ ಇದರಲ್ಲೂ ನನಗೆ ಇಷ್ಟವಾದರು. ಆದರೆ ನನಗೆ ಹತ್ತಿರದ್ದು 2022ರ ಕಾಂತಾರವೇ. ಭೂತಕೋಲ ತುಳುನಾಡಿನದು, ನಮ್ಮ ಕಡೆ ಇಲ್ಲ. ಕಾಡು ಯಾರದ್ದು ಅಂತ ಅರಣ್ಯ ಅಧಿಕಾರಿಗೂ ಊರಿನವರಿಗೂ ಆಗುವ ಜಗಳ ಮಾತ್ರ ಪೂರ್ತಿ ನಮ್ಮದು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅರಣ್ಯ ಅತಿಕ್ರಮಣದ ಅರ್ಜಿ ಅಂತ ಓಡಾಡಿದ ಯಾರಿಗೂ ಅದು ತಟ್ಟುತ್ತದೆ. ಅದೇ ಸಿನಿಮಾದಲ್ಲಿ ನಾಯಕ ಶಿವ, ಲೀಲಾಳ ಜೊತೆ ಸಲುಗೆ ತೆಗೆದುಕೊಳ್ಳುವ ರೀತಿ ನನಗೆ ಹಿಡಿಸಲಿಲ್ಲ. ಇದನ್ನು ಈಗ ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಮುಂಡಗೋಡದ ಚಾ ಅಂಗಡಿಯಲ್ಲೂ.

ಹೋದ ವರ್ಷ, 2025ರ ಮಳೆಗಾಲದಲ್ಲಿ, ‘ಸು ಫ್ರಮ್ ಸೋ’ ಬಂತು. ಹೆಂಡತಿ ಹೇಳಿದ್ದಕ್ಕೆ ಆಯಿ ಹೊರಟಳು. ಶಿರಸಿಯಲ್ಲೇ ನೋಡಿದೆವು. ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರಿಗೆ ಊರೇ ನಂಬುವಾಗ ಆಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ಹಾಗೆ ನಗುವುದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಸುಲೋಚನಾಳ ಮಗಳ ಕಷ್ಟ ಬಂದಮೇಲೆ ಸುಮ್ಮನಾದಳು.

ಮನೆಗೆ ಬರುವಾಗ ಗಾಡಿಯಲ್ಲಿ ಅವಳೇ ಅಂದಳು, “ಆ ಕೂಸಿನ ಕತೆ ಇನ್ನೊಂಚೂರು ಹೇಳವಾಗಿತ್ತು.” ಹೆಂಡತಿ ಹೌದು ಅಂದಳು. ನಿನಗೆ ಹೇಗನ್ನಿಸಿತು ಅಂತ ನನ್ನನ್ನು ಆಯಿ ಕೇಳಲಿಲ್ಲ. ಕೇಳದಿದ್ದರೂ ನಾನು ಹೇಳಿದೆ. ಮೊದಲ ಭಾಗದಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಗುರೂಜಿ ಬಂದ ಮೇಲೆ ನಡುವೆ ಸ್ವಲ್ಪ ಸಡಿಲ ಅನ್ನಿಸಿತು, ಆ ಮಗಳು ಮಾತಾಡುವಾಗ ಗಂಟಲು ಕಟ್ಟಿತು ಅಂತ. ಆಯಿ ಹಿಂದಿನ ಸೀಟಿನಲ್ಲಿ ಕಿಟಕಿ ಇಳಿಸಿಕೊಂಡು ಹೂಂ ಅಂದಳು.