ರಕ್ತ ಪರೀಕ್ಷೆಯಲ್ಲಿ ಗೊರಕೆ ಕಾಯಿಲೆ ಗೊತ್ತಾಗುತ್ತದಾ?

ಪ್ರಶ್ನೆ: ನಮ್ಮವರಿಗೆ 52 ವರ್ಷ. ಅಡಿಕೆ ತೋಟ ಇದೆ, ಆಗಾಗ ಪಿಕಪ್ ಓಡಿಸಿಕೊಂಡು ಮಂಗಳೂರಿಗೆ ಹೋಗುತ್ತಾರೆ. ರಾತ್ರಿ ಜೋರು ಗೊರಕೆ. ನಡುವೆ ಉಸಿರು ನಿಂತೇ ಹೋಗುತ್ತದೆ, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರೆ. ಡಾಕ್ಟರು ಸ್ಲೀಪ್ ಸ್ಟಡಿ (ಮಲಗಿದಾಗ ಉಸಿರು, ಆಮ್ಲಜನಕ ಅಳೆಯುವ ಪರೀಕ್ಷೆ) ಮಾಡಿಸಲು ಹೇಳಿದ್ದಾರೆ. ಇವರು “ಮೈಗೆಲ್ಲ ವಯರು ಕಟ್ಟಿದರೆ ಯಾರಿಗೆ ನಿದ್ದೆ ಬರುತ್ತದೆ? ರಕ್ತದಲ್ಲೇ ನೋಡಲಿ” ಅನ್ನುತ್ತಾರೆ. ಕಳೆದ ತಿಂಗಳು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ) 6.3 ಇತ್ತು, ಸಿಆರ್‌ಪಿ (ಉರಿಯೂತದ ಗುರುತು) ಸ್ವಲ್ಪ ಜಾಸ್ತಿ. ಇಷ್ಟು ಸಾಲದೇ?
– ಓದುಗರು, ಬದಿಯಡ್ಕ

ಉತ್ತರ: ಸಾಲದು. ಆದರೆ ಆ ರಿಪೋರ್ಟನ್ನು ಬಿಸಾಡಬೇಡಿ.

ನೀವು ಹೇಳಿದ್ದು ಸ್ಲೀಪ್ ಆಪ್ನಿಯಾ ಇರಬಹುದು. ಅದರಲ್ಲಿ ನಿದ್ದೆಯಲ್ಲಿ ಗಂಟಲಿನ ದಾರಿ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತದೆ. ಆಗೆಲ್ಲ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಬೆಚ್ಚಿ ಎಬ್ಬಿಸುತ್ತದೆ. ರಾತ್ರಿಯಿಡೀ ಇದೇ ಪಾಡಾದರೆ ಒಳಗೆ ಉರಿಯೂತ ಏರುತ್ತದೆ, ಸಕ್ಕರೆ ಹದ ತಪ್ಪುತ್ತದೆ. ಸಿಆರ್‌ಪಿ, ಇಂಟರ್‌ಲ್ಯೂಕಿನ್-6 (ಇದೂ ಉರಿಯೂತದ ಗುರುತು), ಎಚ್‌ಬಿಎ1ಸಿ, ಎರಿತ್ರೋಪೊಯೆಟಿನ್ (ಆಮ್ಲಜನಕ ಇಳಿದಾಗ ಏರುವ ಹಾರ್ಮೋನು) ಇವನ್ನೆಲ್ಲ ಸಂಶೋಧಕರು ಹಿಡಿದು ನೋಡುತ್ತಿರುವುದು ಅದಕ್ಕೇ.

ತೊಂದರೆ ಏನೆಂದರೆ, ಹಲ್ಲಿನ ವಸಡು ಬಾತರೂ ಸಿಆರ್‌ಪಿ ಏರುತ್ತದೆ. ಜ್ವರ ಬಂದರೂ, ಹೊಟ್ಟೆ ಬೆಳೆದರೂ ಅಷ್ಟೇ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಅಂತ ಲೆಕ್ಕ. ಗೊರಕೆಯೇ ಇಲ್ಲದ ಎಷ್ಟೋ ಜನ ಆ ಹೊಸ್ತಿಲಲ್ಲಿದ್ದಾರೆ. ಮನೆ ಮೇಲೆ ಹೊಗೆ ಕಂಡಿತು ಅನ್ನಿ. ಅದು ಬಚ್ಚಲ ಒಲೆಯದೋ ಅಡುಗೆಮನೆಯದೋ ಅಂತ ಹೊಗೆ ಹೇಳುವುದಿಲ್ಲವಲ್ಲ.

ಕಾಯಿಲೆ ಎಷ್ಟು ಜೋರು ಅನ್ನುವುದಂತೂ ರಕ್ತದಿಂದ ತಿಳಿಯದು. ಅದನ್ನು ಅಳೆಯುವುದು ಗಂಟೆಗೆ ಎಷ್ಟು ಸಲ ಉಸಿರು ನಿಂತಿತು, ಇಲ್ಲವೇ ಕುಂದಿತು ಅನ್ನುವ ಲೆಕ್ಕದಲ್ಲಿ. 5ರಿಂದ 15 ಸಲ ಆದರೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಕನಿಷ್ಠ 10 ಸೆಕೆಂಡು ನಿಂತರೆ ಮಾತ್ರ ಒಂದು ಸಲ ಎಂದು ಎಣಿಸುತ್ತಾರೆ.

ಹಾಗಂತ ರಕ್ತ ಪರೀಕ್ಷೆ ಸುಮ್ನೆ ಅಲ್ಲ. ಥೈರಾಯ್ಡ್ ಕಡಿಮೆಯಾದರೂ ಉಸಿರು ಕಟ್ಟುವುದುಂಟು, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ನೋಡಿಸಿ. ತೂಕ ತುಂಬಾ ಜಾಸ್ತಿ ಇದ್ದರೆ ಬೈಕಾರ್ಬನೇಟ್ ಕೂಡ ನೋಡಿಸಿ. ಅದು 27 ಅಥವಾ ಮೇಲಿದ್ದರೆ, ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುತ್ತಿದೆಯೇ ಎಂದು ಡಾಕ್ಟರು ಮುಂದೆ ಪರೀಕ್ಷಿಸುತ್ತಾರೆ. ಅದು ಬೇರೆ ಕಾಯಿಲೆ, ಆದರೆ ಆಪ್ನಿಯಾದ ಜೊತೆಗೇ ಬರುವುದು ಹೆಚ್ಚು.

ನನ್ನ ಕೇಳಿದರೆ ಎಲ್ಲಕ್ಕಿಂತ ಬೆಲೆಬಾಳುವ ರಿಪೋರ್ಟು ನೀವು ಬರೆದ “ಉಸಿರು ನಿಂತೇ ಹೋಗುತ್ತದೆ” ಅನ್ನುವ ಮಾತು. ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೊ ಮಾಡಿ ಅವರಿಗೇ ತೋರಿಸಿ. ಹಗಲು ಎಲ್ಲೆಲ್ಲಿ ತೂಕಡಿಸುತ್ತಾರೆ ಬರೆದಿಡಿ. ಯಕ್ಷಗಾನದ ಆಟದಲ್ಲಿ ಬೆಳಗಿನ ಜಾವ ತೂಕಡಿಸಿದ್ದು ಲೆಕ್ಕಕ್ಕಿಲ್ಲ, ಅದು ನಮಗೆಲ್ಲ ಆಗುತ್ತದೆ!

ವಯರಿನ ಭಯಕ್ಕೂ ದಾರಿ ಇದೆ. ಬೇರೆ ದೊಡ್ಡ ಕಾಯಿಲೆ ಇಲ್ಲದವರಿಗೆ ಮನೆಯಲ್ಲೇ ಮಾಡುವ ಪರೀಕ್ಷೆ ಸಾಕಾಗಬಹುದು. ಬೆರಳಿಗೊಂದು ಕ್ಲಿಪ್, ಎದೆಗೊಂದು ಪಟ್ಟಿ, ಮೂಗಿಗೆ ಸಣ್ಣ ನಳಿಕೆ, ಅಷ್ಟೇ. ನಿಮ್ಮವರಿಗೆ ಅದು ಆಗುತ್ತದಾ ಎಂದು ಡಾಕ್ಟರನ್ನು ಕೇಳಿ. ಅದರಲ್ಲಿ ಏನೂ ಸಿಗದೆ ಅನುಮಾನ ಉಳಿದರೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಲೇಬೇಕು.

ಅಲ್ಲಿಯವರೆಗೆ ಹಗಲು ನಿದ್ದೆ ಎಳೆಯುತ್ತಿದ್ದರೆ ಮಂಗಳೂರಿಗೆ ಪಿಕಪ್ ಬೇರೆ ಯಾರಾದರೂ ಓಡಿಸಲಿ.