ಕಷ್ಟಕ್ಕೆ ದುಡ್ಡು ಕೊಟ್ಟೆ, ಗೆಳೆಯ ಮಾತೇ ಬಿಟ್ಟ. ಏನೂ ಬಯಸದೆ ಕೊಡೋದು ನಿಜವಾಗ್ಲೂ ಆಗುತ್ತಾ?

ಗೆಳೆಯನ ತಾಯಿಯ ಆಸ್ಪತ್ರೆ ಖರ್ಚಿಗೆ 20,000 ರೂಪಾಯಿ ಕೊಟ್ಟಿರಿ, ಈಗ ಆತ ಫೋನ್ ಕೂಡ ಎತ್ತುವುದಿಲ್ಲ ಎಂದು ಬರೆದಿದ್ದೀರಿ. ‘ಏನೂ ಬಯಸದೆ ಕೊಡಬೇಕು ಅಂತೀರಲ್ಲ ನೀವು ಕ್ರೈಸ್ತರು, ನಿಮಗೆ ಬೇಜಾರಾಗಲ್ವಾ?’ ಎಂದೂ ಕೇಳಿದ್ದೀರಿ. ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ.

ಯೇಸುಸ್ವಾಮಿಗೂ ಆಗಿರಬೇಕು. ಬೈಬಲಿನಲ್ಲಿ ಲೂಕನ ಶುಭಸಂದೇಶದ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ. ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ. ಉಳಿದ ಒಂಬತ್ತು ಜನ ಎಲ್ಲಿ ಎಂದು ಸ್ವಾಮಿ ಬಾಯಿಬಿಟ್ಟು ಕೇಳುತ್ತಾರೆ. ಕೇಳಿದರು ನಿಜ, ಆದರೆ ಆ ಒಂಬತ್ತು ಜನರ ರೋಗ ವಾಪಸ್ ಬಂತು ಅಂತ ಎಲ್ಲೂ ಬರೆದಿಲ್ಲ.

ನಾನು ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿನ, ಸಂತ ವಿನ್ಸೆಂಟ್ ದೆ ಪಾಲ್ ಸಭೆ ಎಂಬ ಬಡವರಿಗೆ ನೆರವಾಗುವ ಸಂಘದಲ್ಲಿ ಎಂಟು ವರ್ಷದಿಂದ ಇದ್ದೇನೆ. ‘ನಿಮ್ಮ ಧರ್ಮಸಭೆ ಈಗ ಬಡವರಿಗೆ ಏನು ಮಾಡ್ತಿದೆ?’ ಎಂದು ಜೊತೆಯ ವಿದ್ಯಾರ್ಥಿಗಳು ಚುಚ್ಚಿದ್ದಕ್ಕೆ, ಓಜಾನಾಂ ಎಂಬ ಇಪ್ಪತ್ತರ ಹುಡುಗ 1833ರಲ್ಲಿ ಪ್ಯಾರಿಸ್‌ನಲ್ಲಿ ಗೆಳೆಯರನ್ನು ಕಟ್ಟಿಕೊಂಡು ಶುರು ಮಾಡಿದ್ದು ಇದು. ಇಬ್ಬಿಬ್ಬರಾಗಿ ಬಡವರ ಮನೆಗೇ ಹೋಗುತ್ತೇವೆ. ಪ್ರತಿ ಸಭೆಯಲ್ಲೂ ಒಂದು ಚೀಲ ಸುತ್ತು ಬರುತ್ತದೆ. ಮುಷ್ಟಿ ಮುಚ್ಚಿ ಕೈ ಒಳಗೆ ಹಾಕಬೇಕು. ಯಾರು ಐನೂರು ಹಾಕಿದರು, ಯಾರು ಬರಿಗೈ ಹಾಕಿ ತೆಗೆದರು, ಗೊತ್ತಾಗುವುದಿಲ್ಲ. ಎಡಗೈಗೆ ತಿಳಿಯದ ಹಾಗೆ ಬಲಗೈ ಕೊಡಲಿ ಎಂಬ ಮಾತು ನಮ್ಮಲ್ಲಿ ಹೀಗೆ ಒಂದು ಬಟ್ಟೆ ಚೀಲವಾಗಿದೆ.

ಅದೇ ನಾನು, ಒಂದು ಕ್ರಿಸ್ಮಸ್‌ಗೆ ಅಕ್ಕಿ ಚೀಲ ಕೊಡುವ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ ಹಾಕಿದೆ. ಸುಮ್ನೆ, ಖುಷಿಗೆ. ಮುಂದಿನ ವಾರ ಹೋದರೆ ಆ ಮನೆಯ ಹುಡುಗಿ ನಮ್ಮನ್ನು ನೋಡಿದ್ದೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಕ್ಲಾಸಿನವರು ಯಾರೋ ಆ ಫೋಟೊ ನೋಡಿದ್ದರಂತೆ. ಕೊಟ್ಟವನಿಗೆ ಥ್ಯಾಂಕ್ಸ್ ಸಿಗಲಿಲ್ಲ ಅನ್ನುವ ಬೇಜಾರಿಗಿಂತ ತೆಗೆದುಕೊಂಡವರ ನಾಚಿಕೆ ದೊಡ್ಡದು ಅಂತ ಅವತ್ತು ಗೊತ್ತಾಯಿತು.

ನಿಮ್ಮ ಗೆಳೆಯ ಫೋನ್ ಎತ್ತದಿರುವುದೂ ಕೊಬ್ಬಿನಿಂದ ಅಲ್ಲ, ಇದರಿಂದಲೇ ಇರಬಹುದು. ಒಂದು ಮಾತು ಕೇಳುತ್ತೇನೆ: ಆ ದುಡ್ಡು ಸಾಲವೋ, ಸುಮ್ಮನೆ ಕೊಟ್ಟದ್ದೋ ಅಂತ ಅವರಿಗೆ ಬಿಡಿಸಿ ಹೇಳಿದ್ದಿರಾ? ‘ಇರಲಿ, ಆಮೇಲೆ ನೋಡೋಣ’ ಎಂದಿದ್ದರೆ ಪ್ರತಿ ರಿಂಗೂ ಅವರಿಗೆ ಸಾಲ ಕೊಟ್ಟವನ ಕರೆಯೇ. ಸಾಲ ಎಂದುಕೊಂಡಿದ್ದರೆ ಹಾಗೇ ಹೇಳಿ, ತಪ್ಪೇನಿಲ್ಲ. ಬಿಟ್ಟುಬಿಡುವುದಾದರೆ ಅದನ್ನೂ ಬಾಯಿಬಿಟ್ಟು ಹೇಳಿ.

ಯೇಸುಸ್ವಾಮಿ ಹೇಳಿದ ಒಳ್ಳೆಯ ಸಮಾರಿಯದವನ ಕಥೆ ಕೇಳಿರುತ್ತೀರಿ. ದಾರಿಯಲ್ಲಿ ಕಳ್ಳರು ಹೊಡೆದು ಬಿಸಾಡಿದ್ದವನನ್ನು ಎತ್ತಿಕೊಂಡು ಹೋದವನು. ಅವನ ಕರುಣೆ ಬಗ್ಗೆ ಚರ್ಚಿನ ಪ್ರಸಂಗಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ನನಗೆ ಹಿಡಿಸುವುದು ಅವನ ಲೆಕ್ಕಾಚಾರ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ. ಛತ್ರದವನಿಗೆ ಎರಡು ದಿನಾರಿ ಕೊಡುತ್ತಾನೆ, ಅಂದರೆ ಎರಡು ದಿನದ ಕೂಲಿ. ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಎಂದು ಹೇಳಿ ತನ್ನ ಕೆಲಸಕ್ಕೆ ಹೊರಡುತ್ತಾನೆ. ಪೆಟ್ಟು ತಿಂದವನು ಇಡೀ ಕಥೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಕಾಪಾಡಿದವನ ಹೆಸರಾದರೂ ಅವನಿಗೆ ಗೊತ್ತಾಯಿತೋ ಇಲ್ಲವೋ.

ನಾವು ಹೋಗುವ ಮನೆಗಳಲ್ಲಿ ಒಬ್ಬರು ಅಜ್ಜಿ ಇದ್ದಾರೆ. ತಿಂಗಳುಗಟ್ಟಲೆ ಅಕ್ಕಿ, ಎಣ್ಣೆ ಹೊತ್ತುಕೊಂಡು ಹೋದೆವು. ಅವರಿಗೆ ಬೇಕಾಗಿದ್ದೇ ಬೇರೆ. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿತ್ತು, ಬ್ಯಾಂಕಿನಲ್ಲಿ ಆಧಾರ್ ಜೋಡಿಸಬೇಕಿತ್ತು, ಕರೆದುಕೊಂಡು ಹೋಗುವವರಿರಲಿಲ್ಲ. ಮೂರು ಸಲ ಓಡಾಡಿ ಅದಾಯಿತು. ಥ್ಯಾಂಕ್ಸಾ? ‘ಇದನ್ನ ಮೊದಲೇ ಕೇಳಬಾರದಿತ್ತಾ’ ಅಂತ ಬೈದರು.

ನೀವೂ ಇನ್ನೊಂದು ಸಲ ಗೆಳೆಯನಿಗೆ ಫೋನ್ ಮಾಡಿ. ಎತ್ತದಿದ್ದರೆ ಮೆಸೇಜ್ ಹಾಕಿ: ‘ದುಡ್ಡಿನ ವಿಷಯಕ್ಕಲ್ಲ. ಅಮ್ಮ ಹೇಗಿದ್ದಾರೆ?’